ಮೈನಸ್ ಹನ್ನೊಂದರ ಮೇಷ್ಟ್ರು

ಹಲಗೆಯ ಮೇಲೆ ಆ ಅಂಕಿ ಬಿದ್ದಾಗ ಮೊದಲು ನಕ್ಕವರು ಅವಳ ಭಾವ.

"ಮೈನಸ್ ಹನ್ನೊಂದು!" ಎಂದರು, ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ. "ಮಾರ್ಕೆಟ್ಟೇ ಏಳು ಪರ್ಸೆಂಟ್ ಏರಿರೋ ಮೂರು ತಿಂಗಳಲ್ಲಿ ಮೈನಸ್ ಹನ್ನೊಂದು ತರೋದಕ್ಕೂ ಒಂದು ಪ್ರತಿಭೆ ಬೇಕು ಸ್ವಾಮಿ. ಯಾರದ್ದಿದು?"

ಗ್ರಂಥಾಲಯದ ಮಹಡಿಯ ಮೇಲಿನ ಆ ಕೋಣೆಯಲ್ಲಿ ಹದಿನಾರು ಜನ ಕೂತಿದ್ದರು. ಮೂರು ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಸೇರುವುದು, ವರ್ಷ ಹುಟ್ಟಿದಾಗಿನಿಂದ ತಮ್ಮ ಹೂಡಿಕೆ ಶೇಕಡಾ ಎಷ್ಟು ಬೆಳೆದಿದೆ ಎಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು, ಹೋಲಿಸಿ ನೋಡುವುದು. ಯಾರ ಹತ್ತಿರ ಎಷ್ಟು ದುಡ್ಡಿದೆ ಎಂದು ಯಾರೂ ಕೇಳುವಂತಿಲ್ಲ. ಚೀಟಿಗೆ ಹೆಸರೂ ಬೇಕಿಲ್ಲ. ಗೆದ್ದವರು ತಾವಾಗಿಯೇ ಕೈ ಎತ್ತುತ್ತಿದ್ದರು, ಸೋತವರು ಚಹಾದ ಕಪ್ಪಿನೊಳಗೆ ಮುಖ ಹುದುಗಿಸುತ್ತಿದ್ದರು.

ಆದರೆ ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ.

"ನನ್ನದು."

ಅಗಲ ಭುಜ, ಇನ್ನೂ ಒದ್ದೆ ಆರದ ಕೂದಲು. ಊರಿನ ಈಜುಕೊಳದಲ್ಲಿ ದೊಡ್ಡವರಿಗೆ ಈಜು ಕಲಿಸುವ ಮೇಷ್ಟ್ರು. ಗುಂಪಿಗೆ ಹೊಸಬ.

"ಕೊಳ ರಿಪೇರಿ ಅಂತ ಎರಡು ತಿಂಗಳು ಮುಚ್ಚಿದ್ರು, ಸಂಬಳ ಇರ್ಲಿಲ್ಲ," ಎಂದ. "ಜನವರಿಯಲ್ಲಿ ರೇಟು ಬಿದ್ದಿತ್ತಲ್ಲ, ಸರಿಯಾಗಿ ಆಗಲೇ ಮಾರಿ ಊಟ ಮಾಡಿದೆ. ಆಮೇಲೆ ಏರುವಾಗ ನನ್ನ ಹತ್ರ ಏರೋಕೆ ಏನೂ ಉಳಿದಿರ್ಲಿಲ್ಲ. ಊಟ ಮಾತ್ರ ಚೆನ್ನಾಗಿತ್ತು."

ಕೋಣೆ ಮತ್ತೊಮ್ಮೆ ನಕ್ಕಿತು. ಅವನೂ ನಕ್ಕ. ಅವನ ಎಡಗಡೆಯ ಕೋರೆಹಲ್ಲು ತುಸು ಓರೆಯಾಗಿರುವುದನ್ನು ಭಾವನ ಜೊತೆ ಬಂದಿದ್ದ ಅವಳು ಕಂಡಳು. ಅದು ಅವಳ ಕಸುಬಿನ ಶಾಪ. ಡೆಂಟಲ್ ಲ್ಯಾಬಿನಲ್ಲಿ ಕೂತು ವರ್ಷಕ್ಕೆ ಎರಡು ಸಾವಿರ ಕೃತಕ ಹಲ್ಲು ಮಾಡುವವಳಿಗೆ ಮನುಷ್ಯರ ಮುಖಕ್ಕಿಂತ ಬಾಯಿಯೇ ಮೊದಲು ಕಾಣುವುದು. ತನ್ನ ಮೇಜಿಗೆ ಬಂದಿದ್ದರೆ ಆ ಹಲ್ಲನ್ನು ಖಂಡಿತ ನೆಟ್ಟಗೆ ಮಾಡುತ್ತಿದ್ದಳು. ಈಗ ಯಾಕೋ ಹಾಗೇ ಇರಲಿ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಕೊನೆಯ ಚೀಟಿ ಅವಳದು. ಹತ್ತೊಂಬತ್ತು. ಎಲ್ಲರಿಗಿಂತ ಮೇಲೆ.

"ನಮ್ಮ ನಾದಿನಿ!" ಎಂದು ಭಾವ ಘೋಷಿಸಿದರು. ಚಪ್ಪಾಳೆ ಬಿತ್ತು.

ಚಹಾದ ಮೇಜಿನ ಹತ್ತಿರ ಮೇಷ್ಟ್ರು ಅವಳ ಪಕ್ಕಕ್ಕೆ ಬಂದ. ಕ್ಲೋರಿನ್ನಿನ ತೆಳು ವಾಸನೆಯೂ ಬಂತು.

"ಹತ್ತೊಂಬತ್ತು ಅಂದ್ರೆ ಹುಡುಗಾಟ ಅಲ್ಲ. ಏನೇನು ತಗೊಂಡಿದ್ದೀರಿ?"

ಅವಳು ಕಪ್ಪನ್ನು ಕೈಯಲ್ಲೇ ತಿರುಗಿಸಿದಳು.

"ಅದು... ಭಾವ ನೋಡ್ಕೋತಾರೆ."

"ಓ. ಹಾಗಾದ್ರೆ ಅದು ಅವರ ಹತ್ತೊಂಬತ್ತು."

ಅವನ ದನಿಯಲ್ಲಿ ಕುಹಕ ಇರಲಿಲ್ಲ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು. "ನಿಮ್ಮ ಹನ್ನೊಂದಕ್ಕಿಂತ ಯಾರದ್ದಾದ್ರೂ ವಾಸಿ," ಎಂದು ಕಪ್ಪನ್ನು ಕುಕ್ಕಿ ಹೊರಟುಬಿಟ್ಟಳು.

ಹತ್ತೊಂಬತ್ತನೇ ವಯಸ್ಸಿಗೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಅಕ್ಕನ ಮನೆ ಸೇರಿದವಳು ಅವಳು. ಈಗ ಮೂವತ್ತಮೂರು. ಕಸುಬು ಕಲಿಸಲು ಫೀಸು ಕಟ್ಟಿದವರು ಭಾವ. ಮೊದಲ ಸಂಬಳ ಬಂದ ದಿನ ಅವಳ ಹೆಸರಿನಲ್ಲಿ ಖಾತೆ ತೆರೆಸಿದವರೂ ಭಾವ. ಅಂದಿನಿಂದ ಅದರ ಪಾಸ್‌ವರ್ಡ್ ಅವರ ಬಳಿಯೇ. ಭಾವ ಒಂದು ಕಾಸೂ ಮುಟ್ಟಿದವರಲ್ಲ, ಅದರಲ್ಲಿ ಎರಡು ಮಾತಿಲ್ಲ. ತೋರಿಸಿದವರೂ ಅಲ್ಲ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಕೇಳಿದಳು.

"ಭಾವ, ನನ್ನ ಅಕೌಂಟ್ ಒಂದ್ಸಲ ನೋಡ್ಬೇಕಿತ್ತು."

"ಯಾಕೆ ಮರಿ? ಏನಾದ್ರೂ ಕಮ್ಮಿ ಆಗಿದ್ಯಾ?"

"ಇಲ್ಲ. ಸುಮ್ನೆ ನೋಡ್ಬೇಕು."

"ನೋಡಿದ್ರೆ ಏನ್ ಅರ್ಥ ಆಗುತ್ತೆ ನಿನಗೆ?" ಎಂದು ಪ್ರೀತಿಯಿಂದಲೇ ನಕ್ಕು ಭಾವ ಮಜ್ಜಿಗೆ ಕೇಳಿದರು. ಬಡಿಸುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ.

ಮರುದಿನ ಅವಳು ಅರ್ಧ ದಿನ ರಜೆ ಹಾಕಿ ಗುರುತಿನ ಚೀಟಿ ಹಿಡಿದು ಬ್ರೋಕರ್ ಆಫೀಸಿಗೆ ಹೋದಳು. ನಲವತ್ತು ನಿಮಿಷದಲ್ಲಿ ಹೊಸ ಪಾಸ್‌ವರ್ಡ್ ಸಿಕ್ಕಿತು. ಹದಿಮೂರು ವರ್ಷದಿಂದ ಆಗದ ಕೆಲಸ ನಲವತ್ತು ನಿಮಿಷದಲ್ಲಿ ಆಗಿಹೋಯಿತಲ್ಲ ಎಂದು ಮೆಟ್ಟಿಲ ಮೇಲೆಯೇ ಒಂದಷ್ಟು ಹೊತ್ತು ನಿಂತಳು. ಆಮೇಲೆ ನೇರ ಈಜುಕೊಳಕ್ಕೆ ನಡೆದಳು. ಜಗಳ ಮುಗಿಸಬೇಕಿತ್ತು.

ಮೇಷ್ಟ್ರು ಎದೆಮಟ್ಟದ ನೀರಿನಲ್ಲಿ ನಿಂತು ಅರವತ್ತು ದಾಟಿದ ಹೆಂಗಸೊಬ್ಬರನ್ನು ಅಂಗಾತ ತೇಲಿಸುತ್ತಿದ್ದ. "ಕತ್ತು ಬಿಗಿ ಬೇಡ ಅಮ್ಮ, ನೀರು ನಿಮ್ಮನ್ನ ಹೊರುತ್ತೆ." ಅವರ ಬೆನ್ನ ಕೆಳಗಿದ್ದ ಅಂಗೈಯನ್ನು ಅವನು ಸದ್ದಿಲ್ಲದೆ ತೆಗೆದದ್ದು ಅವರಿಗೆ ತಿಳಿಯಲಿಲ್ಲ. ದಡದಲ್ಲಿದ್ದವಳಿಗೆ ಕಂಡಿತು. ಬೈಯಲು ಸಿದ್ಧಮಾಡಿಕೊಂಡಿದ್ದ ಮಾತುಗಳಲ್ಲಿ ಅರ್ಧದಷ್ಟು ಅಲ್ಲೇ ಮರೆತುಹೋದವು.

"ಎರಡೇ ಕಂಪನಿ," ಎಂದಳು ಅವನು ಮೇಲೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಾಗ. "ಇರೋ ದುಡ್ಡೆಲ್ಲ ಎರಡೇ ಕಂಪನೀಲಿ. ಅದರಲ್ಲಿ ಒಂದು ಏನ್ ಮಾಡುತ್ತೆ ಅಂತ ಅವರ ವೆಬ್‌ಸೈಟ್ ಓದಿದ್ರೂ ಗೊತ್ತಾಗ್ಲಿಲ್ಲ."

"ತೋರಿಸಿ."

ಅವಳು ಫೋನನ್ನು ಎದೆಗೆ ಒತ್ತಿಕೊಂಡಳು. "ಮೊದಲು ನಿಮ್ಮದು."

"ನನ್ನ ಮಾನ ನಿನ್ನೆ ಹದಿನಾರು ಜನರ ಮುಂದೆ ಹೋಗಿದೆಯಲ್ರೀ."

"ಆದ್ರೂ ಮೊದಲು ನಿಮ್ಮದು."

ಅವನು ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸಿ ಫೋನು ತೆರೆದು ಅವಳ ಕೈಗೇ ಕೊಟ್ಟುಬಿಟ್ಟ. ಪರದೆಯ ತುಂಬ ಕೆಂಪು. ಒಂದೊಂದು ಸಾಲೂ ಅಲ್ಲಿತ್ತು. ತಿಂಗಳು ತಿಂಗಳು ಹಾಕಿದ್ದು, ಮಾರಿದ್ದು, ಕೊಳ ತೆರೆದ ಮೇಲೆ ಮತ್ತೆ ಹಾಕಲು ಶುರುಮಾಡಿದ ಚೂರುಪಾರು. ಒಬ್ಬ ಗಂಡಸು ತನ್ನ ಬಗ್ಗೆ ಇಷ್ಟನ್ನು ಹೀಗೆ ಬಿಚ್ಚಿಟ್ಟದ್ದನ್ನು ಅವಳು ಕಂಡಿರಲಿಲ್ಲ. ಕಿವಿ ಬಿಸಿಯಾಯಿತು. ತನ್ನ ಫೋನನ್ನು ಅವನ ಕಡೆ ಜಾರಿಸಿ ಬೇರೆಡೆ ನೋಡುತ್ತಾ ಕೂತಳು.

"ಇದನ್ನ ಇಟ್ಕೋಬೇಕಾ, ಮಾರ್ಬೇಕಾ?"

"ಮೈನಸ್ ಹನ್ನೊಂದರವನ ಹತ್ರ ಸಲಹೆ ಕೇಳ್ತೀರಾ? ಹೇಳಲ್ಲ," ಎಂದ. "ಒಬ್ಬರ ಕೈಯಿಂದ ಬಿಡಿಸ್ಕೊಂಡು ಬಂದು ನನ್ನ ಕೈಗೆ ಕೊಡ್ಬೇಡಿ. ನೀವೇ ಓದಿ."

ಆಮೇಲಿನ ದಿನಗಳಲ್ಲಿ ಅವಳ ಮಧ್ಯಾಹ್ನದ ಬಿಡುವೆಲ್ಲ ಕೊಳದ ಬೆಂಚಿನ ಮೇಲೆ ಕಳೆಯಿತು. ಅವಳು ಓದಿದಳು. ಅರ್ಥವಾಗದ್ದನ್ನು ಗುರುತು ಹಾಕಿ ಮತ್ತೆ ಓದಿದಳು. ಎರಡೂ ಕಂಪನಿಗಳನ್ನು ಮಾರಿದಳು. ಇಡೀ ಮಾರುಕಟ್ಟೆಯ ಜೊತೆ ಏರಿ ಇಳಿಯುವ ಒಂದು ಫಂಡ್ ಕೊಂಡಳು. ತಾನು ಹಲ್ಲಿನ ಅಚ್ಚಿಗಾಗಿ ದಿನವೂ ಕೈಯಾರೆ ಕಲಸುವ ಪ್ಲಾಸ್ಟರನ್ನು ತಯಾರಿಸುವ ಕಂಪನಿಯ ಷೇರು ಒಂದಿಷ್ಟು. ಉಳಿದದ್ದು ಬ್ಯಾಂಕಿನಲ್ಲಿ.

"ಪ್ಲಾಸ್ಟರ್ ಯಾಕೆ?" ಎಂದ ಅವನು.

"ಹದಿಮೂರು ವರ್ಷದಲ್ಲಿ ಒಂದು ಚೀಲಾನೂ ಕೈ ಕೊಟ್ಟಿಲ್ಲ."

ಅವನು ನಕ್ಕ. ಅವಳು ಆ ಓರೆ ಹಲ್ಲನ್ನು ನೋಡಿದಳು. ನೋಡಿದ್ದನ್ನು ಅವನೂ ನೋಡಿದ.

"ಏನ್ರೀ, ಯಾವಾಗ ನೋಡಿದ್ರೂ ನನ್ನ ಬಾಯಿ ಮೇಲೇ ಕಣ್ಣು?"

"ಕಸುಬು," ಎಂದಳು, ಕುತ್ತಿಗೆಯವರೆಗೂ ಕೆಂಪಾಗುತ್ತ. "ಮತ್ತೆ ನೀವೇನಾದ್ರೂ ಪ್ರೀತೀನೇ ದೊಡ್ಡ ಇನ್ವೆಸ್ಟ್‌ಮೆಂಟ್ ಅಂತ ಡೈಲಾಗ್ ಹೊಡೆದ್ರೆ ನೀರಿಗೆ ತಳ್ಳಿಬಿಡ್ತೀನಿ."

"ನನ್ನನ್ನ? ನೀರಿಗೆ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀರಿನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇಂಥ ಸುದ್ದಿ ಎಷ್ಟು ದಿನ ಮುಚ್ಚಿಡಲಾದೀತು? ಮೇ ತಿಂಗಳಲ್ಲಿ ಭಾವನ ಕಿವಿಗೆ ಎರಡೂ ಒಟ್ಟಿಗೆ ಬಿದ್ದವು. ಪಾಸ್‌ವರ್ಡ್ ಬದಲಾಗಿದೆ, ನಾದಿನಿ ಈಜುಕೊಳಕ್ಕೆ ಹೋಗುತ್ತಾಳೆ.

ಭಾವ ಕೂಗಾಡಲಿಲ್ಲ. ಅವರಿಗೆ ನಿಜವಾಗಿಯೂ ನೋವಾಗಿತ್ತು. "ಯಾರನ್ನ ಮೆಚ್ಚಿದ್ದೀಯ ಮರಿ? ಆ ಮೈನಸ್‌ನಾ?" ಎಂದು ಕೇಳಿದರು. ಆಮೇಲೆ ಹೇಳಿದರು, "ಸರಿ, ಜೂನ್ ಕೊನೆಗೆ ನೋಡೋಣ. ಅರ್ಧ ವರ್ಷದ ಲೆಕ್ಕದಲ್ಲಿ ನಿನ್ನ ಅಂಕಿ ನನ್ನದಕ್ಕಿಂತ ಮೇಲಿದ್ರೆ ನಾನೇ ಮುಂದೆ ನಿಂತು ಮದುವೆ ಮಾಡಿಸ್ತೀನಿ. ಕೆಳಗಿದ್ರೆ ಪಾಸ್‌ವರ್ಡ್ ನನ್ನ ಕೈಗೆ ವಾಪಸ್ಸು, ಆ ಕೊಳದ ಕಡೆ ತಲೆ ಹಾಕಿ ಮಲಗಲೂ ಬಾರದು. ಮಾತು?"

ಅವಳು ಏನೂ ಹೇಳಲಿಲ್ಲ. ಆ ಮನೆಯಲ್ಲಿ ಅವಳ ಮೌನಕ್ಕೆ ಹದಿನಾಲ್ಕು ವರ್ಷದಿಂದ ಒಂದೇ ಅರ್ಥವಿತ್ತು. ಭಾವ ಹಾಗೇ ತಿಳಿದುಕೊಂಡರು.

ಆ ತಿಂಗಳೇ ಮಾರ್ಕೆಟ್ ಮುಗ್ಗರಿಸಿತು. ಅವಳು ಕೊಂಡದ್ದೆಲ್ಲ ಇಳಿಯಿತು. ಅವಳು ಮಾರಿದ್ದ ಎರಡು ಕಂಪನಿಗಳು ಮಾತ್ರ ಯಾರ ಹಂಗೂ ಇಲ್ಲದವರಂತೆ ಏರುತ್ತಲೇ ಹೋದವು. ಜೂನ್ ಮೂವತ್ತರಂದು ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದರೆ ಅವಳದು ಎಂಟು. ಮುಟ್ಟದೇ ಬಿಟ್ಟಿದ್ದರೆ ಮೂವತ್ತು ದಾಟುತ್ತಿತ್ತು.

"ನಿಮ್ಮದು?" ಎಂದಳು.

"ಮೈನಸ್ ಹನ್ನೆರಡು. ಪ್ರಗತಿ ಇದೆ."

ಅವಳಿಗೆ ನಗು ಬರಲಿಲ್ಲ. ನೀರನ್ನೇ ನೋಡುತ್ತ ಹೇಳಿದಳು, "ಚೀಟೀಲಿ ಮೂವತ್ತು ಅಂತ ಬರೆದ್ರೆ ಯಾರಿಗೆ ಗೊತ್ತಾಗುತ್ತೆ?"

ಅವನು ಟವೆಲ್ಲನ್ನು ಮಡಿಸಿ ಪಕ್ಕಕ್ಕಿಟ್ಟ.

"ಯಾರಿಗೂ ಗೊತ್ತಾಗಲ್ಲ," ಎಂದ. "ಬರೀರಿ. ಅದರಿಂದ ನೀವು ನನಗೆ ಸಿಗೋದಾದ್ರೆ ನಾನೂ ಸುಳ್ಳು ಬರೀತೀನಿ. ನಲವತ್ತು ಬರೀಲಾ? ಐವತ್ತು?"

ತಮಾಷೆಯ ಮಾತು, ಆದರೆ ದನಿ ನಡುಗಿತ್ತು. ಅವಳು ತಿರುಗಿ ನೋಡಿದಳು. ಹದಿನಾರು ಜನರ ನಗುವಿನ ಮುಂದೆ ಬಗ್ಗದೆ ನಿಂತಿದ್ದ ಮನುಷ್ಯ ಈಗ ತನ್ನೊಬ್ಬಳಿಗಾಗಿ ಬಗ್ಗಲು ತಯಾರಾಗಿ ಕೂತಿದ್ದಾನೆ.

"ಬೇಡ," ಎಂದಳು. "ನೀವು ನಿಮ್ಮದನ್ನೇ ಬರೀರಿ. ನಾನು ನನ್ನದನ್ನ ಬರೀತೀನಿ."

"ಸೋತ್ರೆ?"

"ಸೋಲ್ತೀನಿ. ಅಷ್ಟೇ ತಾನೆ?"

ಜುಲೈನ ಮೊದಲ ಭಾನುವಾರ ಕೋಣೆ ತುಂಬಿತ್ತು. ಯಾವತ್ತೂ ಬಾರದ ಅಕ್ಕ ಕೂಡ ಬಂದು ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದಳು. ಭಾವ ತಮ್ಮ ಅಂಕಿಯನ್ನು ಮೊದಲೇ ಹಲಗೆಯ ಮೇಲೆ ಬರೆದರು. ಇಪ್ಪತ್ತಾರು. ಆಮೇಲೆ ಡಬ್ಬಿಗೆ ಕೈ ಹಾಕಿದರು.

ಅವಳು ಎದ್ದಳು. ನೇರ ನಡೆದು ಹೋಗಿ ಭಾವನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು.

"ನನ್ನ ಚೀಟಿ ಅದರಲ್ಲಿಲ್ಲ ಭಾವ. ನಾನೇ ಬರೀತೀನಿ."

ಇಪ್ಪತ್ತಾರರ ಕೆಳಗೆ, ಅದಕ್ಕಿಂತ ದೊಡ್ಡದಾಗಿ, ಎಂಟು ಎಂದು ಬರೆದಳು.

"ಏಪ್ರಿಲ್‌ನಿಂದ ಇದರಲ್ಲಿ ತಗೊಂಡಿದ್ದು, ಮಾರಿದ್ದು ಎಲ್ಲ ನಾನೇ. ಯಾವುದನ್ನ ಯಾಕೆ ತಗೊಂಡೆ ಅಂತ ಯಾರು ಬೇಕಾದ್ರೂ ಕೇಳಿ, ಹೇಳ್ತೀನಿ. ಎಲ್ಲಿ ತಪ್ಪಿದೆ ಅನ್ನೋದನ್ನೂ ಹೇಳ್ತೀನಿ."

ಯಾರೂ ಕೇಳಲಿಲ್ಲ. ಭಾವ ಅವಳಿಗೆ ಮಾತ್ರ ಕೇಳುವಂತೆ ತಗ್ಗಿದ ದನಿಯಲ್ಲಿ ಅಂದರು, "ಸೋತೆ ತಾನೆ?"

"ಸೋತೆ. ಹದಿನೆಂಟು ಪಾಯಿಂಟ್." ಅವಳ ದನಿ ತಗ್ಗಲಿಲ್ಲ.

"ಮತ್ತೆ ಮಾತು?"

"ಆ ಮಾತು ಆಡಿದ್ದು ನೀವು ಭಾವ. ನಾನು ಆಡಿರ್ಲಿಲ್ಲ. ಈಗ ಆಡ್ತೀನಿ." ಸೀಮೆಸುಣ್ಣವನ್ನು ಹಲಗೆಯ ಅಂಚಿನಲ್ಲಿಟ್ಟು ಮುಂದುವರಿಸಿದಳು. "ನೀವು ನನಗೆ ಅನ್ನ ಹಾಕಿದ್ರಿ, ಕಸುಬು ಕಲಿಸಿದ್ರಿ. ಅದನ್ನ ಸಾಯೋವರೆಗೂ ಮರೆಯಲ್ಲ. ಆದ್ರೆ ಪಾಸ್‌ವರ್ಡ್ ಕೊಡಲ್ಲ. ಅವರನ್ನೂ ಬಿಡಲ್ಲ. ಮುಂದಿನ ಸಲ ನನ್ನ ಅಂಕಿ ಸೊನ್ನೆ ಆದ್ರೂ ಬಿಡಲ್ಲ. ಗೆದ್ದೋರಿಗೆ ಮಾತ್ರ ತಮಗೆ ಬೇಕಾದ ಹಾಗೆ ಬದುಕೋ ಹಕ್ಕು ಅಂತ ಎಲ್ಲಿದೆ?"

"ಹಾಗಾದ್ರೆ ನಮ್ಮ ಮನೇಲಿ..."

"ಗೊತ್ತಿತ್ತು. ನಿನ್ನೆ ಒಂದು ರೂಮಿಗೆ ಅಡ್ವಾನ್ಸ್ ಕೊಟ್ಟು ಬಂದೆ."

ಭಾವನ ಮುಖ ಬಿಳಿಚಿಕೊಂಡಿತು. ಅವರು ಹೆದರಿಸಲು ಹೊರಟಿದ್ದರೇ ಹೊರತು ಕಳಿಸಲು ಅಲ್ಲ. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ಅಕ್ಕನ ದನಿ ಬಂತು.

"ಅಲ್ಲಾ ರೀ, ನನ್ನ ಹೆಸರಲ್ಲೂ ಒಂದು ಅಕೌಂಟ್ ಇದೆಯಲ್ವಾ? ಅದರ ಅಂಕಿ ಎಷ್ಟು?"

ಎಲ್ಲರ ಅಂಕಿಯನ್ನೂ ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಭಾವನಿಗೆ ಹೆಂಡತಿಯ ಅಂಕಿ ನೆನಪಾಗಲಿಲ್ಲ. ಅಕ್ಕ ಕಾಯುತ್ತ ಕೂತಳು. ಅವಸರವಿಲ್ಲದವರ ಹಾಗೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ತಂಗಿಯ ಕಡೆ ಒಮ್ಮೆ ನೋಡಿ, ಹೋಗು ಎಂಬಂತೆ ಗದ್ದ ಎತ್ತಿದಳು.

ಬೀದಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಅರ್ಧ ಓಡುತ್ತ ನಡೆದಳು, ನಿಂತರೆ ಅಳು ಬರುವಂತಿತ್ತು. ಮೇಷ್ಟ್ರು ಮೂಲೆಯ ಔಷಧದ ಅಂಗಡಿಯ ಹತ್ತಿರ ಅವಳ ಜೊತೆಗೂಡಿದ.

"ಅಷ್ಟೆಲ್ಲ ಆಗುವಾಗ ನಾನು ಸುಮ್ನೆ ಕೂತಿದ್ದೆ. ಕೋಪ ಬಂತಾ?"

"ಎದ್ದು ಬಂದಿದ್ರೆ ಕೋಪ ಬರ್ತಿತ್ತು."

"ಅದಕ್ಕೇ ಬರಲಿಲ್ಲ. ಕುರ್ಚಿಯ ಕೈ ಹಿಡ್ಕೊಂಡು ಕೂತಿದ್ದೆ." ಅಂಗೈ ತೋರಿಸಿದ. ಮರದ ಅಂಚು ಒತ್ತಿ ಎರಡು ಕೆಂಪು ಗೆರೆ ಮೂಡಿದ್ದವು.

ಅವಳು ಆ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದಳು. ಮೊದಲ ಸಲ ಮುಟ್ಟಿದ್ದು. ಅವನ ಉಸಿರು ಒಂದು ಕ್ಷಣ ನಿಂತದ್ದು ಅವಳಿಗೆ ಕೇಳಿಸಿತು.

"ಆದ್ರೆ ಒಂದು ತಕರಾರು," ಎಂದ ಸಾವರಿಸಿಕೊಂಡು. "ಅಷ್ಟು ಜನರ ಮುಂದೆ ಅವರನ್ನ ಬಿಡಲ್ಲ ಅಂದ್ರಿ. ಆ ಅವರನ್ನ ಒಂದು ಮಾತು ಕೇಳೋದು ಬೇಡ್ವಾ?"

"ಏನ್ ಕೇಳ್ಬೇಕಿತ್ತು?"

"ಸಾಮಾನ್ಯವಾಗಿ ಕೇಳ್ತಾರಲ್ಲ, ಅದು."

ಜನ ಎರಡೂ ಕಡೆಯಿಂದ ಸರಿದು ಹೋಗುತ್ತಿದ್ದರು. ಅವಳು ಫುಟ್‌ಪಾತಿನ ನಟ್ಟನಡುವೆ ನಿಂತು, ಕಣ್ಣೊರೆಸಿಕೊಂಡು, ಜಗಳಕ್ಕೆ ನಿಂತವಳ ಹಾಗೆ ಗದ್ದ ಎತ್ತಿದಳು.

"ನನ್ನ ಮದುವೆ ಆಗ್ತೀಯಾ?"

ಅವನು ನಗಲಿಲ್ಲ. ಮೂರು ತಿಂಗಳಿಂದ 'ನೀವು' ಎನ್ನುತ್ತಿದ್ದವಳ ಬಾಯಲ್ಲಿ ಆ 'ನೀನು' ಕೇಳಿ ಅವನ ಕಣ್ಣು ತುಂಬಿಬಂತು.

"ಏನಂದೆ? ಇನ್ನೊಂದ್ಸಲ ಹೇಳು."

"ಹೇಳಲ್ಲ. ಕೇಳಿಸಿದೆ ನಿನಗೆ."

"ಕೇಳಿಸಿದೆ," ಎಂದ. "ಹ್ಞೂಂ. ಆಗ್ತೀನಿ."