ನೀಲಿಗಟ್ಟಿದ ಮಗು

ಹದ್ದುಗಣ್ಣ ತನ್ನ ಕುರ್ಚಿಯ ಪಕ್ಕದಲ್ಲೇ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಅಲ್ಲೇ ಕ್ಯಾಮೆರಾ ಸ್ಟ್ಯಾಂಡು ಉರುಳಿತ್ತು. ಮೇಜಿನ ಮೇಲೆ ಕಂಪ್ಯೂಟರ್ ಇನ್ನೂ ಚಾಲೂ ಇತ್ತು.

ಇನ್ಸ್‌ಪೆಕ್ಟರಮ್ಮ ಸುತ್ತ ನೋಡಿದರು. ಗೋಡೆ ಬೂದು. ಕಿಟಕಿಯ ಪರದೆ ಬೂದು. ಸತ್ತವನ ಅಂಗಿಯೂ ಬೂದು. ಫೋಟೋಗಳ ಬಣ್ಣ ತಿದ್ದಿ ತಿದ್ದಿಯೇ ಹದ್ದುಗಣ್ಣನೆಂದು ಹೆಸರಾದವನ ಕೋಣೆಯಲ್ಲಿ ಬಣ್ಣವೆಂದರೆ ನೆಲದ ಮೇಲಿನ ರಕ್ತವೊಂದೇ.

"ಇದೇನ್ರೀ, ಸ್ಮಶಾನದ ಥರ?"

"ಅವನ ಹುಚ್ಚು ಮೇಡಂ," ಎಂದ ಸ್ಟುಡಿಯೋದ ಪಾಲುದಾರ, ಕೆಂಪಗಾದ ಕಣ್ಣು ಉಜ್ಜಿಕೊಳ್ಳುತ್ತ. "ಸುತ್ತ ಬಣ್ಣ ಇದ್ರೆ ಕಣ್ಣು ಮೋಸ ಹೋಗುತ್ತೆ ಅಂತಿದ್ದ. ತನ್ನ ಕಂಪ್ಯೂಟರನ್ನ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

"ನೀವೆಲ್ಲಿದ್ರಿ?"

"ಮಧ್ಯಾಹ್ನವೇ ಮಾವನ ಮನೆಗೆ ಹೋದೆ. ಮನೆ ತುಂಬ ಜನ ಇದ್ರು, ಕೇಳ್ನೋಡಿ. ಸಂಜೆ ಇವನು ಒಂದು ಫೋಟೋ ತಿದ್ದಿ ಗಿರಾಕಿಗೆ ಮೇಲ್ ಮಾಡಿದಾನೆ. ಅಂದ್ರೆ ಆಗ ಬದುಕಿದ್ದ ಅಂತಾಯ್ತಲ್ಲ? ಆಮೇಲೆ ಬಂದವನು ಅವನ ಭಾವಮೈದ ಒಬ್ಬನೇ ಅಂತ ಅಕ್ಕಪಕ್ಕದವರು ಹೇಳ್ತಿದಾರೆ."

ಹೆಣವನ್ನು ಮೊದಲು ಕಂಡವನೂ ಆ ಭಾವಮೈದನೇ. ಅಂಗಿಗೆ ರಕ್ತ ಮೆತ್ತಿತ್ತು. ಹಿಂದಿನ ವಾರ ಭಾವನೊಡನೆ ಜಗಳವಾಡಿದ್ದನ್ನು ಕೇಳಿದವರಿದ್ದರು. ಇನ್ನೇನು ಬೇಕು? ಲಾಕಪ್ಪಿಗೆ ಹಾಕಿದರು.

*

ಮರುದಿನ ಬೆಳಗ್ಗೆ ಹದ್ದುಗಣ್ಣನ ಹೆಂಡತಿ ಠಾಣೆಗೆ ಬಂದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಗಂಡ ಹೋದ್ರು. ತಮ್ಮನ್ನೂ ಕಿತ್ಕೋಬೇಡಿ ಮೇಡಂ. ಭಾವನ್ನ ಎತ್ತೋಕೆ ಹೋಗಿ ರಕ್ತ ಅಂಟಿಸ್ಕೊಂಡ. ಜಗಳ ಆಡಿದ್ದು ಇವರ ಒಳ್ಳೇದಕ್ಕೇನೇ. ಆ ಪಾಲುದಾರನ್ನ ಬಿಟ್ಟು ಬನ್ನಿ, ನಾವೇ ಸ್ಟುಡಿಯೋ ಮಾಡೋಣ ಅಂತ. ಕೊನೆಗೆ ಇವರೂ ಒಪ್ಪಿದ್ರು."

ಇನ್ಸ್‌ಪೆಕ್ಟರಮ್ಮ ಪೇದೆಯತ್ತ ತಿರುಗಿದರು. "ಡಾಕ್ಟರ್ ಏನಂದ್ರು?"

"ಕೋಣೇಲಿ ಏಸಿ ಜೋರಾಗಿತ್ತಂತೆ. ಮಧ್ಯಾಹ್ನ ಸತ್ನೋ ಸಂಜೆ ಸತ್ನೋ ಹೇಳೋಕಾಗಲ್ವಂತೆ."

ಹಾಗಾದರೆ ಇಡೀ ಕೇಸು ನಿಂತಿದ್ದು ಆ ಒಂದು ಫೋಟೋದ ಮೇಲೆ. ಸಂಜೆಗೆ ಹುಡುಗನನ್ನು ಕೋರ್ಟಿಗೆ ಒಪ್ಪಿಸಬೇಕು. ಅವರಿಗೆ ಯಾಕೋ ಮನಸ್ಸು ಒಪ್ಪಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬ ಹೆಂಗಸು ಒಳಗೆ ನುಗ್ಗಿದಳು. ಆ ಫೋಟೋದ ಗಿರಾಕಿಯೇ. ಮೇಲ್‌ನಲ್ಲಿ ಬಂದದ್ದನ್ನು ತೆರೆದೂ ನೋಡದೆ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದಳು.

"ಸ್ಟುಡಿಯೋಗೆ ಬೀಗ ಹಾಕಿದೀರಿ, ನಾನ್ಯಾರನ್ನ ಕೇಳ್ಲಿ? ನೋಡಿ ಇದನ್ನ! ನನ್ನ ಮಗು!"

ನಿದ್ದೆ ಮಾಡುತ್ತಿದ್ದ ಕೂಸು. ತುಟಿ ನೀಲಿ, ಉಗುರು ನೀಲಿ, ಕೆನ್ನೆ ನೀಲಿ. ಎಷ್ಟೋ ಹೆಣ ಕಂಡ ಪೇದೆಯೂ ಮುಖ ತಿರುಗಿಸಿದ.

ಇನ್ಸ್‌ಪೆಕ್ಟರಮ್ಮ ಕೇಸಿಗೆಂದು ತರಿಸಿಕೊಂಡಿದ್ದ ಅದೇ ಫೋಟೋವನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದರು. ಅಲ್ಲಿ ಮಗು ಗುಲಾಬಿ ಬಣ್ಣಕ್ಕಿತ್ತು.

"ಇದೇನ್ರೀ, ಇಲ್ಲಿ ಚೆನ್ನಾಗೇ ಇದೆ?"

"ಓ, ಅದು ಆ ಸಾಫ್ಟ್‌ವೇರ್ ಮೇಡಂ," ಎಂದ ಪೇದೆ. "ಕಣ್ಣುರಿ ಅಂತಿದ್ರಲ್ಲ, ಹೋದ ತಿಂಗಳು ಹಾಕಿಕೊಟ್ಟೆ. ಸ್ಕ್ರೀನಿನ ನೀಲಿ ತಗ್ಗಿಸಿ ಹಳದಿ ಮಾಡುತ್ತೆ. ಕಣ್ಣಿಗೆ ತಂಪು."

"ನನಗೆ ಹಳದಿ ಅಂತ ಅನ್ನಿಸ್ಲೇ ಇಲ್ವಲ್ಲ!"

"ರೂಢಿಯಾಗೋಗುತ್ತೆ ಮೇಡಂ. ಇರೋದೇ ಮರೆತೋಗುತ್ತೆ."

"ತೆಗೀರಿ ಅದನ್ನ."

ಪೇದೆ ಒಂದು ಗುಂಡಿ ಒತ್ತಿದ. ಅವರ ಕಣ್ಣೆದುರೇ ಮಗು ನೀಲಿಗಟ್ಟಿತು.

*

ಪಾಲುದಾರನನ್ನು ಲ್ಯಾಪ್‌ಟಾಪ್ ಸಮೇತ ಕರೆಸಿದರು. ಇನ್ಸ್‌ಪೆಕ್ಟರಮ್ಮ ಅದನ್ನು ತೆರೆದು, ಪಕ್ಕಕ್ಕೊಂದು ಬಿಳಿ ಹಾಳೆ ಹಿಡಿದರು. ಹಾಳೆಯ ಮುಂದೆ ಸ್ಕ್ರೀನು ಅರಿಸಿನ ಬಳಿದಂತಿತ್ತು.

"ಕಣ್ಣುರಿಗೆ ಹಾಕ್ಕೊಂಡಿದೀನಿ. ಅದೂ ತಪ್ಪಾ?"

"ತಪ್ಪಲ್ಲ. ಆದ್ರೆ ಹದ್ದುಗಣ್ಣನ ಕಂಪ್ಯೂಟರಲ್ಲಿ ಇದಿಲ್ಲ. ಗೋಡೆಗೂ ಬಣ್ಣ ಬೇಡ ಅಂದವನು ಸ್ಕ್ರೀನಿಗೆ ಹಳದಿ ಹಾಕ್ತಾನಾ? ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಸ್ಕ್ರೀನಿನ ಹಳದಿ ಮರೆತು, ಮಗುನೇ ಹಳದಿ ಅಂದ್ಕೊಂಡ್ರಿ. ಸರಿಹೋಗೋವರೆಗೂ ನೀಲಿ ಸುರಿದ್ರಿ. ಮಧ್ಯಾಹ್ನವೇ ಅವನನ್ನ ಕೊಂದು, ಸಂಜೆ ಮಾವನ ಮನೇಲಿ ಕೂತು, ಅವನ ಹೆಸರಲ್ಲಿ ಮೇಲ್ ಕಳಿಸಿದ್ರಿ. ಅವನು ಆಗಿನ್ನೂ ಬದುಕಿದ್ದ ಅಂತ ಜನ ನಂಬ್ಲಿ ಅಂತ. ನೀವು ಅಳಿಸಿದ ಫೋಟೋನೂ ಇಲ್ಲೇ ರೀಸೈಕಲ್ ಬಿನ್ನಲ್ಲಿದೆ, ನೋಡಿ."

ಪಾಲುದಾರ ಕೈ ಚಾಚಿ ಲ್ಯಾಪ್‌ಟಾಪ್ ಮುಚ್ಚಿದ.

"ಬಿಟ್ಟು ಹೋಗ್ತೀನಿ ಅಂದ," ಎಂದ. "ನಾನಿಲ್ದೆ ನೀನು ಒಂದು ಫೋಟೋನೂ ತಿದ್ದಲಾರೆ ಅಂತ ನಕ್ಕ. ಸ್ಟ್ಯಾಂಡು ಕೈಗೆ ಸಿಕ್ತು."

ಪೇದೆ ಲಾಕಪ್ಪಿನ ಬಾಗಿಲು ತೆರೆದ. ತಮ್ಮ ಹೊರಬಂದ. ಅಕ್ಕ ಅವನ ಅಂಗಿಯ ಒಣಗಿದ ರಕ್ತಕ್ಕೇ ಮುಖ ಒತ್ತಿಕೊಂಡು ಗೋಳೋ ಎಂದು ಅತ್ತಳು. ತೆರೆದ ಬಾಗಿಲು ಮುಚ್ಚುವ ಮೊದಲು ಪಾಲುದಾರ ಒಳಗೆ ಹೋದ. ಹೋಗುವಾಗ ಮೇಜಿನ ಮೇಲಿದ್ದ ಪ್ರಿಂಟ್ ನೋಡಿದ. ಅದನ್ನು ಅವನು ಕಂಡದ್ದು ಆಗಲೇ ಮೊದಲು.

"ಇದು... ನಾನು ತಿದ್ದಿದ್ದಾ?" ಎಂದು ಕೇಳಿದ.