ಟಾರ್ಪಲ್ ಕೆಳಗಿನ ಮೌನ

"ಕಣ್ಣು ಮುಚ್ಚಿ! ಈ ಕಡೆ ನೋಡ್ಬೇಡಿ!"

ಅಂಗಳದ ಬಾಗಿಲಲ್ಲೇ ಯಮುನ ಕಣ್ಣು ಮುಚ್ಚಿ ನಿಂತುಬಿಟ್ಟಳು. ರೆಪ್ಪೆಯೊಳಗೂ ನೀಲಿ ಬೆಳಕು ಉರಿಯಿತು.

ಬೆಳಕು ಆರಿದಾಗ, ಆಳೆತ್ತರದ ಸ್ಟೀಲ್ ತೊಟ್ಟಿಯ ಪಕ್ಕ ಒಬ್ಬ ಮುಖವಾಡ ಎತ್ತಿದ. ವೆಲ್ಡರ್ ಪ್ರಜ್ಞೇಶ್. ಕಾಫಿ ಹಣ್ಣು ಹುದುಗಿಸಲು ಪದ್ಮಯ್ಯ ಮಾವ ಗಾಳಿಬೀಡಿನ ತೋಟದಲ್ಲಿ ಮಾಡಿಸುತ್ತಿದ್ದ ತೊಟ್ಟಿ ಅದು.

"ಮೆಲ್ಲಗೆ ಹೇಳಿದ್ರೆ ನಂಗೆ ಕೇಳಿಸಲ್ವಾ?"

"ಮೆಲ್ಲಗೆ ಹೇಳೋಷ್ಟರಲ್ಲಿ ನಿಮ್ಮ ಕಣ್ಣು ಹೋಗಿರ್ತಿತ್ತು ಮೇಡಂ."

ಅಷ್ಟೇ! ಮುಖವಾಡ ಮತ್ತೆ ಇಳಿಯಿತು.

ಯಮುನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ರಜೆಗೆ ಸೋದರಮಾವನ ಮನೆಗೆ ಬಂದಿದ್ದಳು. ದಿನಾ ಸಂಜೆ ಅವನಿಗೆ ಕಾಫಿ ಒಯ್ಯುವುದು ಅವಳಿಗೆ ಅಭ್ಯಾಸವೇ ಆಯಿತು.

"ನಂಗೆ ಆರಿದ ಕಾಫಿ, ವೆಲ್ಡರಿಗೆ ಬಿಸಿಬಿಸಿ!" ಎಂದು ಮಾವ ಕೆಣಕಿದರು.

ಅವನು ಮಾತ್ರ ಕುಡಿದು, ಲೋಟ ತೊಳೆದಿಟ್ಟು, ಕೆಲಸಕ್ಕೆ ಇಳಿಯುತ್ತಿದ್ದ. ಇಷ್ಟೊಂದು ಮೌನ ಯಾಕೆ? ನನ್ನನ್ನು ಕಂಡರೆ ಆಗದೇ?

ಒಂದು ಸಂಜೆ ಅವನೇ ಬೆಸುಗೆಯ ಗ್ಯಾಸ್ ಸಿಲಿಂಡರ್ ಮುಟ್ಟಿ ಕೇಳಿದ. "ಮೇಡಂ, ಈ ಆರ್ಗಾನ್ ವಿಷನಾ?"

"ಅಲ್ಲಪ್ಪ. ಅದರ ಹೊರಗಿನ ಕವಚದಲ್ಲಿ ಎಂಟು ಎಲೆಕ್ಟ್ರಾನ್, ಪೂರ್ತಿ ಭರ್ತಿ. ಕೊಡೋದೂ ಬೇಡ, ತಗೊಳ್ಳೋದೂ ಬೇಡ. ಯಾರ ತಂಟೆಗೂ ಹೋಗಲ್ಲ... ನಿಮ್ಮ ಹಾಗೇ!"

ಅವನ ಮುಖ ಬಾಡಿತು. ಅಂದು ಲೋಟ ತೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಗುಡ್ಡದ ಗಾಳಿ ಜೋರಾಗಿತ್ತು. ಯಾಕೆ ಹಾಗಂದೆ ಎಂದು ಕೊರಗುತ್ತಲೇ ಅವಳು ಕಾಫಿ ಹಿಡಿದು ಹೋದಳು. ತೊಟ್ಟಿಯ ಬಾಯಿಗೆ ಕಾಫಿ ಒಣಗಿಸುವ ಟಾರ್ಪಲ್ ಬಿಗಿದಿತ್ತು. ಒಳಗೆ ಸದ್ದಿಲ್ಲ.

"ಕೋಪಾನಾ? ತಪ್ಪಾಯ್ತು..."

ತೊಟ್ಟಿಯೊಳಗೆ ಪೈಪು ಇಳಿಬಿಟ್ಟಿದ್ದ ಸಿಲಿಂಡರ್ ಮಾತ್ರ 'ಸ್ಸ್...' ಎನ್ನುತ್ತಿತ್ತು.

"ಮಾವ! ಇವರೆಲ್ಲಿ?"

"ಒಳಗೇ ಇದ್ದಾನಲ್ಲ," ಎನ್ನುತ್ತ ಪದ್ಮಯ್ಯ ಬಂದರು. "ಗಾಳಿ ಬಡಿದ್ರೆ ಗ್ಯಾಸ್ ಹಾರಿಹೋಗಿ ಬೆಸುಗೆ ಕಪ್ಪಾಗುತ್ತಂತೆ. ಟಾರ್ಪಲ್ ಕಟ್ಟಿ ಅಂದ. ಉಸಿರು ಕಟ್ಟಲ್ವಾ ಅಂದ್ರೆ, ಆ ಗ್ಯಾಸ್ ಏನೂ ಮಾಡಲ್ಲ, ಮೇಡಂ ಹೇಳಿದ್ದಾರೆ ಅಂದ."

ಅವಳ ಕೈಯಿಂದ ಲೋಟ ಬಿತ್ತು.

ವಿಷವಲ್ಲ, ನಿಜ. ಆದರೆ ಗಾಳಿಗಿಂತ ಭಾರ. ಬಣ್ಣವಿಲ್ಲದೆ, ವಾಸನೆಯಿಲ್ಲದೆ ತಳದಿಂದ ತುಂಬಿ ಬರುತ್ತದೆ. ಯಾರನ್ನೂ ಮುಟ್ಟದೆ, ಉಸಿರಿನ ಜಾಗವನ್ನಷ್ಟೇ ತೆಗೆದುಕೊಳ್ಳುತ್ತದೆ. ಆ ಅರ್ಧವನ್ನು ಅವಳು ಹೇಳಿರಲೇ ಇಲ್ಲ!

ಪಕ್ಕದ ಕಟ್ಟೆ ಹತ್ತಿ ಟಾರ್ಪಲ್ ಕಿತ್ತೆಸೆದು ಒಳಗೆ ಬಗ್ಗಿದಳು. ತಳದಲ್ಲಿ ಅವನು ಮಗುಚಿ ಬಿದ್ದಿದ್ದ, ನಿದ್ದೆ ಹೋದವನಂತೆ. ಮಾವ ಏಣಿಗೆ ಕಾಲಿಟ್ಟರು.

"ಇಳೀಬೇಡಿ! ನೀವೂ ಬೀಳ್ತೀರಿ! ಕೆಳಗಿನ ಬಾಗಿಲು ಬಿಚ್ಚಿ!"

ತಾನೂ ಇಳಿದುಬಿಡಬೇಕೆಂದು ಅವಳ ಮೈಯೆಲ್ಲ ಒದ್ದಾಡುತ್ತಿತ್ತು. ಇಳಿಯಲಿಲ್ಲ. ಸಿಲಿಂಡರ್ ಮುಚ್ಚಿದಳು. ತೊಟ್ಟಿಯ ಬುಡದಲ್ಲಿ ಸಿಪ್ಪೆ ಹೊರತೆಗೆಯಲೆಂದು ಮಾಡಿದ್ದ ಬಾಗಿಲಿನ ಬೋಲ್ಟುಗಳನ್ನು ಮಾವ ಒಂದೊಂದಾಗಿ ಬಿಚ್ಚಿದರು. ಬಾಗಿಲು ತೆರೆದೊಡನೆ, ಅವನು ಬೇಡವೆಂದಿದ್ದ ಗಾಳಿಯೇ ಹೋ ಎಂದು ಒಳನುಗ್ಗಿತು.

ಕಾಲು ಹಿಡಿದು ಹೊರಗೆಳೆದರು. ತುಟಿ ನೀಲಿಯಾಗಿತ್ತು. ಅವಳು ತನ್ನ ಉಸಿರನ್ನು ಅವನ ಬಾಯಿಗೆ ಊದಿದಳು. ಮತ್ತೆ ಊದಿದಳು. ಏನೂ ಇಲ್ಲ...

"ಬೈಯಿರಿ, ಕಿರುಚಿ... ಏನಾದ್ರೂ ಮಾಡಿ!"

ಆಮೇಲೆ, ಒಂದು ಕೆಮ್ಮು.

ಆಸ್ಪತ್ರೆಯಲ್ಲಿ ಅವಳು ತಲೆ ಎತ್ತದೆ ಕುಳಿತಿದ್ದಳು. "ನನ್ನ ಮಾತು ನಂಬಿ ಸಾಯ್ತಿದ್ರಿ."

"ನಿಮ್ಮ ಮಾತು ಅಂತಲೇ ನಂಬಿದ್ದು." ಅವನ ದನಿ ಒಡೆದಿತ್ತು. "ನಿಮ್ಮೆದುರು ಏನಂದ್ರೂ ಕಡಿಮೆ ಅನ್ಸುತ್ತೆ ಮೇಡಂ, ಅದಕ್ಕೇ ಸುಮ್ನಿದ್ದೆ. ಯಾರೂ ಬೇಡ ಅಂತಲ್ಲ. ನೀವು ಬೇಕು. ನಾನು ಆರ್ಗಾನ್ ಅಲ್ಲ."

ಅವಳ ಕಣ್ಣು ತುಂಬಿತು. "ಅಲ್ಲ, ಝೆನಾನ್. ಅದೂ ಅದೇ ಮನೆತನ, ಅದೇ ಮೌನ. ಆದ್ರೆ ಹೊರಗಿನ ಎಲೆಕ್ಟ್ರಾನ್‌ಗಳು ನಡುವಿನಿಂದ ದೂರ, ಹಿಡಿತ ಸಡಿಲ. ಫ್ಲೋರಿನ್ ಬಂದ್ರೆ ಸೇರಿಬಿಡುತ್ತೆ."

"ಫ್ಲೋರಿನ್ ಹೇಗಿರುತ್ತೆ?"

"ಮಹಾ ಜಗಳಗಂಟಿ. ಹಿಡಿದ್ರೆ ಬಿಡಲ್ಲ."

"ಗುರುತು ಸಿಕ್ತು." ಅವನು ಮೊದಲ ಸಲ ನಕ್ಕ.

ಹೊರಗೆ ಗಾಳಿ ಏಳುತ್ತಿತ್ತು. ಅವಳು ಬೆಚ್ಚಿದಳು. "ಕಿಟಕಿ ಮುಚ್ಲಾ?"

ಅವನು ಅವಳ ಕೈ ಹಿಡಿದ.

"ಬೇಡ ಯಮುನ. ತೆಗೆದೇ ಇರಲಿ."