ಥ್ಯಾಂಕ್ಯೂ ಟೈಲರ್

"ಡ್ರೈವರ್ ಸಾಹೇಬ್ರೇ, ಥ್ಯಾಂಕ್ಯೂ!"

ಬಸ್ಸಿನಿಂದ ಇಳಿದ ತಾತ ಗಕ್ಕನೆ ಹಿಂದಕ್ಕೆ ತಿರುಗಿ ಹೇಳಿದರು. ತಾತ ಹೇಳುವುದೆಂದರೆ ರಸ್ತೆಯ ಆ ತುದಿಗೂ ಕೇಳಬೇಕು. ಸೈನ್ಯದಲ್ಲಿದ್ದವರ ಗಂಟಲು.

ಸ್ಕೂಲ್ ಗೇಟಿನ ಹತ್ತಿರ ನಿಂತಿದ್ದ ಹುಡುಗರು ಇದನ್ನೇ ಕಾಯುತ್ತಿದ್ದವರಂತೆ ಎದೆ ಸೆಟೆಸಿ ಒಟ್ಟಿಗೆ ಕಿರುಚಿದರು. "ಥ್ಯಾಂಕ್ಯೂ ಸಾಹೇಬ್ರೇ!"

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಜೊತೆಗೇ ಇಳಿದ ಮೊಮ್ಮಗಳು ಪುಟ್ಟಿಗೆ. ಹಾಲಿನವನಿಗೆ ಥ್ಯಾಂಕ್ಯೂ, ಕಸ ಗುಡಿಸುವವರಿಗೆ ಥ್ಯಾಂಕ್ಯೂ, ದಾರಿ ಬಿಟ್ಟ ಸೈಕಲ್ಲಿನವನಿಗೂ ಥ್ಯಾಂಕ್ಯೂ. ಊರಿನವರೆಲ್ಲ ತಾತನನ್ನು 'ಥ್ಯಾಂಕ್ಯೂ ಟೈಲರ್' ಅನ್ನುತ್ತಿದ್ದರು. ಅದು ಹೇಗೋ ನಡೆದುಹೋಗುತ್ತಿತ್ತು. ಈಗ ಕ್ಲಾಸಿನಲ್ಲಿ ಅವಳನ್ನೂ 'ಮಿಸ್ ಥ್ಯಾಂಕ್ಯೂ' ಅನ್ನತೊಡಗಿದ್ದರು.

ಸಂಜೆ ಬೆಲ್ ಹೊಡೆದದ್ದೇ ತಡ, ಪುಟ್ಟಿ ಸ್ಕೂಲಿನ ಎದುರಿಗಿದ್ದ ತಾತನ ಅಂಗಡಿಗೆ ಹೋದಳು. ತಾತ ಹೊಲಿಗೆ ಮೆಷಿನ್ ತುಳಿಯುತ್ತಿದ್ದರು. ಅವಳು ಬ್ಯಾಗನ್ನು ಬಟ್ಟೆಯ ರಾಶಿಯ ಮೇಲೆ ಎಸೆದಳು.

"ತಾತ, ನಾಳೆಯಿಂದ ಬಸ್ಸಿನವ್ರಿಗೆ ಥ್ಯಾಂಕ್ಯೂ ಹೇಳ್ಬೇಡ."

"ಯಾಕಮ್ಮಾ?"

"ಎಲ್ರೂ ನಗ್ತಾರೆ. ನನ್ನ ಮಾನ ಹೋಗುತ್ತೆ!"

ಮೆಷಿನ್ ನಿಂತಿತು. "ಆಯ್ತು. ಹೇಳಲ್ಲ ಬಿಡು."

ದೊಡ್ಡ ಜಗಳಕ್ಕೇ ತಯಾರಾಗಿ ಬಂದಿದ್ದಳು ಪುಟ್ಟಿ. ತಾತ ಇಷ್ಟು ಬೇಗ ಒಪ್ಪಿಕೊಂಡದ್ದು ಯಾಕೋ ಸರಿಬರಲಿಲ್ಲ.

"ಬೇಜಾರಾಯ್ತಾ?"

"ಇಲ್ಲಪ್ಪ." ತಾತ ಯಾರದೋ ಪ್ಯಾಂಟಿನ ಹೊಲಿಗೆ ಬಿಚ್ಚತೊಡಗಿದರು. "ನಾನೊಬ್ರಿಗೆ ಥ್ಯಾಂಕ್ಯೂ ಹೇಳ್ಬೇಕಿತ್ತು ಪುಟ್ಟಿ. ಹೇಳೋಕಾಗ್ಲಿಲ್ಲ."

"ಯಾರಿಗೆ?"

"ಅದೇ ಗೊತ್ತಿಲ್ಲ."

ಸೈನ್ಯದ ಮಾತನ್ನು ತಾತ ಎತ್ತುವುದೇ ಅಪರೂಪ. ಪುಟ್ಟಿ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬೆಟ್ಟದ ಮೇಲೆ ಕಾವಲಿಗಿದ್ವಿ. ಒಂದಿನ ಮೇಲಿಂದ ಹಿಮ ಜಾರಿ ಬಂತು ನೋಡು, ಟೆಂಟ್ ಸಮೇತ ನನ್ನನ್ನ ಹೂತುಹಾಕ್ತು. ಕೈ ಆಡ್ಸೋಕಾಗಲ್ಲ, ಕಣ್ಣು ಬಿಡೋಕಾಗಲ್ಲ. ಕೂಗಿ ಕೂಗಿ ಗಂಟಲು ಕಟ್ಟಿಹೋಯ್ತು. ಇನ್ನು ನನ್ನ ಕತೆ ಮುಗೀತು ಅಂದ್ಕೊಂಡೆ. ಅಷ್ಟ್ರಲ್ಲಿ ಮೇಲೆ ಕರಕರ ಅಂತ ಸಲಿಕೆ ಸದ್ದು!"

"ಆಮೇಲೆ?"

"ಯಾರೋ ಬರಿಗೈಯಲ್ಲೇ ಹಿಮ ಬಗೆದು, ನನ್ನ ಭುಜ ಹಿಡಿದು ಎಳೆದ್ರು. 'ಉಸಿರಾಡ್ತಿದ್ದಾನೆ!' ಅಂತ ಕೂಗಿದ್ದು ಕೇಳಿಸ್ತು. ಅಷ್ಟೇ. ಎಚ್ಚರ ಆದಾಗ ದೂರದ ಆಸ್ಪತ್ರೆಯಲ್ಲಿದ್ದೆ. ಕಾಲಿನ ಎರಡು ಬೆರಳು ಹೋಗಿದ್ವು. ಮುಖ ಕಾಣದ ಆ ಹಿಮಗಾಳಿಯಲ್ಲಿ ಎಷ್ಟೋ ಜನ ಅಗೆದಿದ್ರಂತೆ. ನನ್ನನ್ನ ಎಳೆದ ಕೈ ಯಾರದ್ದು ಅಂತ ಕಂಡಕಂಡವರನ್ನೆಲ್ಲ ಕೇಳ್ದೆ. ಒಬ್ರಿಗೂ ಗೊತ್ತಿರ್ಲಿಲ್ಲ. ಥ್ಯಾಂಕ್ಯೂ ಅನ್ನೋಕೆ ಒಂದು ಮುಖಾನೇ ಸಿಗ್ಲಿಲ್ಲ."

"ಅದಕ್ಕೇ ಎಲ್ರಿಗೂ ಹೇಳ್ತೀಯಾ?"

ತಾತ ನಕ್ಕರು. "ಅಷ್ಟೆಲ್ಲ ಯೋಚ್ನೆ ಮಾಡಿಲ್ಲಮ್ಮ. ಬಾಯಿ ತಾನಾಗೇ ಹೇಳಿಬಿಡುತ್ತೆ. ಆಸ್ಪತ್ರೆಯಲ್ಲಿ ಹೊತ್ತು ಹೋಗದೆ ಹೊಲಿಗೆ ಕಲಿತೆ. ಊರಿಗೆ ಬಂದು ಈ ಅಂಗಡಿ ಹಾಕ್ದೆ. ನಿಮ್ಮಜ್ಜಿ ಬಟ್ಟೆ ಹೊಲಿಸೋಕೆ ಬಂದು, ಅಳತೆ ಸರಿಯಿಲ್ಲ ಅಂತ ನನ್ನ ಜೊತೆ ಜಗಳ ತೆಗೆದಿದ್ದೂ ಇಲ್ಲೇ!"

"ಅಂದ್ರೆ, ಹಿಮದಲ್ಲಿ ಸಿಕ್ಕಿಹಾಕ್ಕೊಂಡಾಗ ನಿಂಗಿನ್ನೂ ಮದ್ವೆ ಆಗಿರ್ಲಿಲ್ವಾ?"

"ಎಲ್ಲಿಯ ಮದ್ವೆ! ಮೀಸೇನೇ ಸರಿಯಾಗಿ ಬಂದಿರ್ಲಿಲ್ಲ."

ಪುಟ್ಟಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಯಾರೋ ಒಬ್ಬರು ಕೈ ಸೋತಿತೆಂದು ಅಗೆಯುವುದನ್ನು ಬಿಟ್ಟಿದ್ದರೆ? ಅಪ್ಪ ಇರುತ್ತಿರಲಿಲ್ಲ. ಅತ್ತೆ ಇರುತ್ತಿರಲಿಲ್ಲ. ತೊಟ್ಟಿಲಲ್ಲಿ ಕಾಲು ಬಡಿಯುವ ತಮ್ಮ, ಮತ್ತೆ ತಾನು... ಮನೆಮಂದಿಯೆಲ್ಲ ಆವತ್ತು ತಾತನ ಜೊತೆ ಆ ಹಿಮದ ಕೆಳಗೇ ಇದ್ದ ಹಾಗಾಯಿತಲ್ಲ!

ಮರುದಿನ ಬೆಳಿಗ್ಗೆ ತಾತ ಕೊಟ್ಟ ಮಾತಿನಂತೆ ತುಟಿ ಬಿಗಿಹಿಡಿದು ಬಸ್ಸಿಳಿದರು. ಬಸ್ಸು ಹೊರಡಲಿಲ್ಲ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದರು.

"ಏನ್ ತಾತ, ಹುಷಾರಿಲ್ವಾ?"

ತಾತ ಪುಟ್ಟಿಯ ಮುಖ ನೋಡಿದರು. ಗೇಟಿನ ಹತ್ತಿರ ಹುಡುಗರು ಸಾಲಾಗಿ ತಯಾರಾಗಿದ್ದರು.

ಪುಟ್ಟಿಯ ಕಿವಿ ಬಿಸಿಯಾಯಿತು. "ಚೆನ್ನಾಗೇ ಇದ್ದಾರೆ ಅಂಕಲ್. ನಾನೇ ಥ್ಯಾಂಕ್ಯೂ ಹೇಳ್ಬೇಡ ಅಂದಿದ್ದೆ," ಅಂದಳು. ಆಮೇಲೆ ತಾತನ ತೋಳು ಜಗ್ಗಿದಳು. "ಹೇಳು ತಾತ."

"ಹುಡುಗ್ರಿದ್ದಾರಲ್ಲೇ?"

"ಇರ್ಲಿ. ಹೇಳು."

ತಾತ ಹೇಳಿದರು. ಕಾಂಪೌಂಡಿನ ಮೇಲೆ ಕೂತಿದ್ದ ಕಾಗೆ ಹೆದರಿ ಹಾರಿಹೋಯಿತು. ಹುಡುಗರೂ ಕಿರುಚಿದರು. ಪುಟ್ಟಿ ಆ ಕಡೆ ತಿರುಗಲಿಲ್ಲ. ಅವಳು ಡ್ರೈವರನ್ನೇ ನೋಡುತ್ತಿದ್ದಳು. ನರೆತ ಹುಬ್ಬು, ಗಲ್ಲದ ಮೇಲೊಂದು ಮಚ್ಚೆ, ನಕ್ಕಾಗ ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು.

ದಿನಾ ಇದೇ ಬಸ್ಸಿನಲ್ಲಿ ಬರುತ್ತಿದ್ದಳು. ಆ ಮುಖವನ್ನು ನೋಡಿದ್ದು ಮಾತ್ರ ಇವತ್ತೇ.